ಜಗಲಿಯ ಮೇಲಿಟ್ಟ ಕಟ್ಟು

ಮೊದಲು ಕಣ್ಣಿಗೆ ಬಿದ್ದದ್ದು ತನ್ನ ಹೆಸರಿನ ಕೊನೆಯ ಅಕ್ಷರ.

ಬೈಲಪ್ಪ ಒಳಕೋಣೆಯಲ್ಲಿ ಲಗ್ನಪತ್ರಿಕೆಯ ಕರಡು ಹುಡುಕುತ್ತಿದ್ದ. ರಾಮಾಂಜಿನಪ್ಪ ಪ್ರೆಸ್ಸಿನ ಕಲ್ಲುಮೇಜಿನ ಪಕ್ಕ ಸುಮ್ಮನೆ ನಿಂತಿದ್ದ. ಮೇಜಿನ ಮೇಲೆ ಕಬ್ಬಿಣದ ಚೌಕಟ್ಟಿನೊಳಗೆ ಸೀಸದ ಅಚ್ಚುಮೊಳೆಗಳನ್ನು ಜೋಡಿಸಿ ಬಿಗಿದಿಟ್ಟಿತ್ತು. ಮೊಳೆಯಲ್ಲಿ ಅಕ್ಷರಗಳೆಲ್ಲ ಕನ್ನಡಿಯೊಳಗಿನ ಹಾಗೆ ಹಿಂದುಮುಂದು. ಬರುವ ಹೋಗುವ ಗಿರಾಕಿಗಳಿಗೆ ಅದು ಬರೀ ಸೀಸ. ಹಾಗೆಂದುಕೊಂಡೇ ಬೈಲಪ್ಪ ಅದರ ಮೇಲೆ ಒಂದು ಕಾಗದವನ್ನೂ ಮುಚ್ಚದೆ ಒಳಗೆ ಹೋಗಿದ್ದ.

ಆದರೆ ರಾಮಾಂಜಿನಪ್ಪ ನೇಕಾರ. ಮಗ್ಗದಲ್ಲಿ ಸೀರೆಯ ಮುಖ ಕೆಳಗಿರುತ್ತದೆ. ಮೂವತ್ತು ವರ್ಷದಿಂದ ಅವನು ನೋಡುತ್ತ ಬಂದದ್ದು ಹೂವಿನ ಬೆನ್ನು, ಹಂಸದ ಬೆನ್ನು. ಬೆನ್ನು ನೋಡಿ ಮುಖ ಹೇಗಿದೆಯೆಂದು ಹೇಳುವುದು ಅವನ ಕಸುಬು.

ಬಲದಿಂದ ಎಡಕ್ಕೆ ಓದಿದ. ರಾಮಾಂಜಿನಪ್ಪನವರು. ಮಗಳ ಮದುವೆಯ ಕಾರ್ಡಿನಲ್ಲಿ ತಂದೆಯ ಹೆಸರು ಇರಬೇಕಾದ್ದೇ. ತುಟಿಯ ಕೊನೆಯಲ್ಲಿ ನಗೆ ಮೂಡಿತು. ಆಮೇಲೆ ಕೆಳಗಿನ ಸಾಲು ಓದಿದ.

ತಾರೀಖು 12-5-1969ನೇ ಸೋಮವಾರ ದೈವಾಧೀನರಾದ ಪ್ರಯುಕ್ತ.

ಅದರ ಕೆಳಗೆ, 20ನೇ ಮಂಗಳವಾರ ಉತ್ತರಕ್ರಿಯೆ. ಅದರ ಕೆಳಗೆ ದುಃಖತಪ್ತರು ಎಂಬ ಮಾತು. ದುಃಖಪಡುವವರ ಹೆಸರಿರಬೇಕಾದ ಜಾಗ ಖಾಲಿ.

ಅವತ್ತು ಒಂಬತ್ತನೇ ತಾರೀಖು, ಶುಕ್ರವಾರ.

ಕಲ್ಲುಮೇಜಿನ ಅಂಚು ಹಿಡಿದುಕೊಂಡ. ಮೇ ತಿಂಗಳ ಬಿಸಿಲಿಗೂ ಆ ಕಲ್ಲು ತಣ್ಣಗಿತ್ತು. ದೊಡ್ಡಬಳ್ಳಾಪುರದಲ್ಲಿ ಇನ್ನೊಬ್ಬ ರಾಮಾಂಜಿನಪ್ಪ ಇರಬಾರದೇಕೆ ಎಂದುಕೊಂಡು ಮತ್ತೆ ಓದಿದ. ಹೆಸರಿನ ಹಿಂದೆ ಅವನ ಬೀದಿ, ಅವನ ತಂದೆಯ ಹೆಸರು ಎರಡೂ ಇದ್ದವು.

"ಸಿಕ್ತು ನೋಡಿ" ಎನ್ನುತ್ತ ಬೈಲಪ್ಪ ಅರಿಸಿನ ಬಣ್ಣದ ಕರಡು ಹಿಡಿದು ಬಂದ. "ಗಂಡಿನ ಕಡೆಯೋರ ಹೆಸರೆಲ್ಲ ಸರಿಯಾಗಿದ್ಯಾ ಒಂದ್ಸಲ ನೋಡ್ಬಿಡಿ."

"ಬೈಲಪ್ಪ, ಕಲ್ಲಿನ ಮೇಲಿರೋದೇನು?"

"ಅದಾ, ಯಾವ್ದೋ ಹಳೇದು. ಮೊಳೆ ಬಿಚ್ಚಬೇಕು."

"ಹಳೇದಾ? ಸೋಮವಾರ ಇನ್ನೂ ಬಂದೇ ಇಲ್ವಲ್ಲ."

ಬೈಲಪ್ಪನ ಕೈಯಲ್ಲಿದ್ದ ಕರಡು ಮೆಲ್ಲಗೆ ಕೆಳಗಿಳಿಯಿತು. ಅವನು ಮೊಳೆಯ ಕಡೆ ನೋಡಲಿಲ್ಲ, ರಾಮಾಂಜಿನಪ್ಪನ ಕಡೆಯೂ ನೋಡಲಿಲ್ಲ. ಬಾಗಿಲ ಕಡೆ ನೋಡಿದ.

ಬಾಗಿಲ ಪಕ್ಕದ ಬೆಂಚಿನಲ್ಲಿ ಹರಡಿಕೊಂಡಿದ್ದ ವಾರಪತ್ರಿಕೆ ಮಡಿಚಿಕೊಂಡಿತು. ಅದರ ಹಿಂದಿನಿಂದ ಜವರಪ್ಪನ ಮುಖ ಕಾಣಿಸಿತು. ಕೋರ್ಟಿನಲ್ಲಿ ಅಮೀನನಾಗಿದ್ದು, ಮನೆಮನೆಗೆ ಸಮನ್ಸು ಹಂಚಿ ನಿವೃತ್ತನಾದವನು. ಬೈಲಪ್ಪ ಹೊರಡಿಸುವ ತಾಲ್ಲೂಕಿನ ವಾರಪತ್ರಿಕೆಯನ್ನು ಒಂದು ದಿನವೂ ಕೊಳ್ಳದೆ, ಒಂದು ಸಾಲೂ ಬಿಡದೆ ಅಲ್ಲೇ ಕೂತು ಓದುವ ಗಿರಾಕಿ. ಹೋದ ತಿಂಗಳು ಬಾವಿಯಲ್ಲಿ ಹೆಣವಾಗಿ ಸಿಕ್ಕ ಚಿಕ್ಕವೆಂಕಟಪ್ಪ ಕಾಲು ಜಾರಿ ಬಿದ್ದನೆಂದು ಪೊಲೀಸರು ಬರೆದು ಮುಗಿಸಿದ್ದರು. ಜವರಪ್ಪ ಮಾತ್ರ ಇನ್ನೂ ಮುಗಿಸಿರಲಿಲ್ಲ.

ಅವನು ಎದ್ದು ಬಂದು ಕಲ್ಲುಮೇಜಿನ ಮೇಲೆ ಬಾಗಿದ.

"ನಂಗೆ ಓದೋಕಾಗಲ್ಲ. ಏನಿದೆ ಅದರಲ್ಲಿ?"

ರಾಮಾಂಜಿನಪ್ಪ ಓದಿ ಹೇಳಿದ. ತನ್ನ ದನಿ ಬೇರೆ ಯಾರದೋ ದನಿಯ ಹಾಗೆ ಕೇಳಿಸಿತು.

ಜವರಪ್ಪ ಹೋಗಿ ಪ್ರೆಸ್ಸಿನ ಬಾಗಿಲನ್ನು ಅರ್ಧ ಮುಂದೆ ಮಾಡಿದ. ತಿರುಗಿ ಬಂದು ಬೈಲಪ್ಪನ ಎದುರಿಗೆ ಸ್ಟೂಲು ಎಳೆದುಕೊಂಡು ಕೂತ. ಕೂತವನು ಸುಮ್ಮನೇ ಕೂತ. ಅವನ ವರಸೆಯೇ ಅದು. ಎದುರಿನವನಿಗೆ ಮೌನವನ್ನು ಕೊಟ್ಟು, ಅದು ಭಾರವಾಗುವವರೆಗೆ ಕಾಯುತ್ತಿದ್ದ.

ಗೋಡೆಯ ಗಡಿಯಾರ ಎಷ್ಟು ಸಲ ಟಿಕ್ಕೆಂದಿತೋ.

"ನಾನು ಮಾಡಿದ್ದಲ್ಲ ಅಮೀನ್ರೇ" ಎಂದ ಬೈಲಪ್ಪ ಕೊನೆಗೆ. "ನನ್ ಕೈಲಿ ಮಾಡಿಸ್ತಿದಾರೆ."

"ಯಾರು?"

"ಗೊತ್ತಿದ್ರೆ ಇಷ್ಟೊತ್ತಿಗೆ ಅವನ ಕಾಲಾದ್ರೂ ಹಿಡೀತಿದ್ದೆ. ಅಂಚೇಲಿ ಬರ್ತದೆ ಕಾಗದ. ಇದು ಎರಡನೇದು."

"ಮೊದಲ್ನೇದು ಯಾರ ಹೆಸರಿಗೆ ಬಂದಿತ್ತು?"

ಬೈಲಪ್ಪ ಪಂಚೆಯ ಅಂಚಿನಲ್ಲಿ ಮುಖ ಒರೆಸಿಕೊಂಡ. ಬೆರಳಿನ ಮಸಿ ಕೆನ್ನೆಗೆ ಹತ್ತಿತು. "ಚಿಕ್ಕವೆಂಕಟಪ್ಪನ ಹೆಸರಿಗೆ. ಅವನು ಸಾಯೋಕೆ ನಾಕು ದಿನ ಮುಂಚೆ."

ರಾಮಾಂಜಿನಪ್ಪ ಬೆಂಚಿಗೆ ಹೋಗಿ ಕೂತ.

"ಅದರಲ್ಲಿದ್ದ ದಿನಾನೇ ಸತ್ತನಾ?" ಎಂದ ಜವರಪ್ಪ.

"ಅದೇ ದಿನ. ಬುಧವಾರ ಅಂತಿತ್ತು. ಬುಧವಾರ ಬೆಳಿಗ್ಗೆ ಬಾವೀಲಿದ್ದ."

"ಆ ಕಾಗದ ಎಲ್ಲಿ?"

"ಹರಿದು ಹಾಕ್ದೆ."

ಜವರಪ್ಪ ಕಣ್ಣು ಮುಚ್ಚಿ ತೆರೆದ. "ಹರಿದು ಹಾಕ್ದೆ."

"ಮತ್ತೇನ್ ಮಾಡ್ಲಿ? ಸಾವಿನ ಕಾಗದ ಒಳಗಿಟ್ಕೊಳ್ಳೋಕಾಗ್ತದಾ? ಓದಿದೆ, ಯಾರೋ ತಿಕ್ಕಲು ಅನ್ಕೊಂಡೆ, ಹರಿದು ಚರಂಡಿಗೆ ಹಾಕಿ ಕಾಲು ತೊಳ್ಕೊಂಡು ಒಳಗೆ ಬಂದೆ. ನೀವಾಗಿದ್ರೆ?"

"ನಾನಾಗಿದ್ರೂ ಹರೀತಿದ್ದೆ" ಎಂದ ಜವರಪ್ಪ ಬೇಸರದಿಂದ. "ಅದು ಬರೆದೋನಿಗೂ ಗೊತ್ತು. ಈ ಊರಲ್ಲಿ ಅಂಥ ಕಾಗದ ಯಾರ ಮನೇಲೂ ಒಂದು ರಾತ್ರಿ ಉಳಿಯಲ್ಲ ಅಂತ. ಸಾಕ್ಷೀನ ನಾವೇ ಹರೀತೀವಿ ಅಂತ. ಎರಡನೇದೂ ಹರಿದ್ಯಾ?"

"ಇಲ್ಲ." ಬೈಲಪ್ಪನ ದನಿ ಇಳಿಯಿತು. "ಅದರಲ್ಲಿ ಬರೆದಿದ್ದ. ಹೋದ ಸಲ ನನ್ನ ಮಾತು ನಡೆಸಲಿಲ್ಲ, ಈ ಸಲ ನಡೆಸು, ಇಲ್ದಿದ್ರೆ ಮುಂದಿನ ಕಾರ್ಡಲ್ಲಿ ನಿನ್ ಹೆಸರು ಅಂತ."

ಅವನು ಹೊರಗೆ ಹೋಗಿ ಜಗಲಿಯ ಸೂರಿನ ಹೆಂಚಿನ ಸಂದಿಯಿಂದ ಮಡಿಸಿದ ಕಾಗದವೊಂದನ್ನು ತೆಗೆದುಕೊಂಡು ಬಂದ. ಹೊಸ್ತಿಲು ದಾಟದೆ ಅಲ್ಲೇ ನಿಂತು ಕೈ ಚಾಚಿದ. ಜವರಪ್ಪನೇ ಎದ್ದು ಹೋಗಿ ಅದನ್ನು ತೆಗೆದುಕೊಂಡ.

ಚೌಕುಳಿ ಗೆರೆಯ ಕಾಗದ. ಸೀರೆಯ ಅಂಚಿಗೆ ನಕ್ಷೆ ಬರೆಯಲು ಬಳಸುವಂಥದ್ದು. ಒಂದೊಂದು ಚೌಕದಲ್ಲಿ ಒಂದೊಂದು ಅಕ್ಷರ ಕೂರಿಸಿ ಬರೆದಿದ್ದರು. ಹಾಗೆ ಬರೆದರೆ ಯಾರ ಕೈಬರಹವೂ ಆಗುವುದಿಲ್ಲ.

"ಈ ಕಾಗದ ಊರಲ್ಲಿ ಯಾರ್ಯಾರ ಹತ್ರ ಇರ್ತದೆ ರಾಮಾಂಜಿನಪ್ಪೋರೆ?"

"ನಕ್ಷೆ ಬರೆಯೋರ ಹತ್ರ. ಹತ್ತು ಮನೇಲಿರಬಹುದು." ಸ್ವಲ್ಪ ತಡೆದು ಹೇಳಿದ. "ನಮ್ಮನೇಲೂ ಇದೆ."

ಜವರಪ್ಪ ತಲೆಯಾಡಿಸಿ ಓದುತ್ತ ಹೋದ. ಐವತ್ತು ಕಾರ್ಡು. ಶುಕ್ರವಾರ ಸಂಜೆ ನಾಲ್ಕಕ್ಕೆ ಜಗಲಿಯ ಮೇಲೆ ಇಡುವುದು.

ಜಗಲಿಯ ವಿಷಯ ಊರಿಗೆಲ್ಲ ಗೊತ್ತಿತ್ತು. ಬೈಲಪ್ಪನ ತಂದೆಯ ಕಾಲದಿಂದ ನಡೆದುಬಂದದ್ದು. ಮದುವೆಯ ಕಾರ್ಡು ಇರುವ ಮೇಜಿನ ಮೇಲೆ ಸಾವಿನ ಕಾರ್ಡು ಇಡುವಂತಿಲ್ಲ, ಕೈಯಿಂದ ಕೈಗೆ ಕೊಡುವಂತಿಲ್ಲ. ಕಟ್ಟು ಕಟ್ಟಿ ಹೊರಗಿನ ಜಗಲಿಯ ತುದಿಯಲ್ಲಿಟ್ಟು ಬೈಲಪ್ಪ ಬಾಗಿಲು ಮುಂದೆ ಮಾಡಿಕೊಳ್ಳುತ್ತಾನೆ. ಸೂತಕದವರು ಬಂದು ಎತ್ತಿಕೊಂಡು ಹೋಗುತ್ತಾರೆ. ಎತ್ತಿಕೊಳ್ಳುವವರನ್ನು ಮಾತಾಡಿಸುವುದಿಲ್ಲ. ಬೀದಿಯಲ್ಲಿರುವವರು ಮುಖ ತಿರುಗಿಸಿಕೊಳ್ಳುತ್ತಾರೆ.

"ಪೇಟೆ ಬೀದೀಲಿ ಹಾಡುಹಗಲೇ ಬಂದ್ರೂ ಯಾರೂ ನೋಡದ ಜಾಗ ಅಂದ್ರೆ ಇದೊಂದೇ" ಎಂದ ಜವರಪ್ಪ.

"ಸ್ಟೇಷನ್ನಿಗೆ ಹೋಗೋಣ" ಎಂದ ರಾಮಾಂಜಿನಪ್ಪ.

"ಹೋಗಿ ಏನಂತ ದೂರು ಕೊಡ್ತೀರಿ? ನಾನು ಸೋಮವಾರ ಸತ್ತೋಗಿದೀನಿ ಅಂತಲಾ?" ಜವರಪ್ಪ ನಗಲಿಲ್ಲ. "ಸುದ್ದಿ ಸಂಜೆಯೊಳಗೆ ದೇವನಹಳ್ಳಿ ಮುಟ್ಟುತ್ತೆ. ಹೆಣ್ಣಿನ ಅಪ್ಪನ ತಿಥಿ ಕಾರ್ಡು ಅಚ್ಚಾಗಿದೆ ಅಂತ ಗೊತ್ತಾದ್ರೆ ಬೀಗರು ಸುಮ್ನಿರ್ತಾರಾ? ಮದುವೆ ಜೂನ್ ಒಂದಕ್ಕಲ್ವಾ?"

ಹೌದು ಎಂದು ತಲೆಯಾಡಿಸಿದ. ಸಾವಾದ ಮನೆಯಲ್ಲಿ ವರ್ಷ ತುಂಬುವವರೆಗೆ ಶುಭಕಾರ್ಯವಿಲ್ಲ. ಅಷ್ಟು ದಿನ ಯಾವ ಗಂಡಿನವರೂ ಕಾಯುವುದಿಲ್ಲ.

ಜವರಪ್ಪ ಕಾಗದವನ್ನು ಬೆಳಕಿಗೆ ಹಿಡಿದು ಬೆರಳು ಮಡಿಸುತ್ತಿದ್ದ. "ಹನ್ನೆರಡು, ಹದಿಮೂರು, ಹದಿನಾಕು..." ಇಪ್ಪತ್ತಕ್ಕೆ ನಿಂತ. "ಒಂಬತ್ತಾಯ್ತು. ನಿಮ್ಮನೇಲಿ ಎಷ್ಟನೇ ದಿನಕ್ಕೆ ಮಾಡ್ತೀರಿ?"

"ಹನ್ನೊಂದಕ್ಕೆ."

"ನಮ್ಮನೇಲೂ ಹನ್ನೊಂದೇ. ಬೈಲಪ್ಪ, ನೀನು ಇಷ್ಟು ಕಾರ್ಡು ಅಚ್ಚು ಹಾಕಿದೀಯ. ಒಂಬತ್ತಕ್ಕೆ ಮಾಡೋರು ಯಾರು?"

"ಎಲ್ಲೋ ಒಂದೆರಡು ಮನೆ. ಅಪರೂಪ." ಬೈಲಪ್ಪ ತಡೆದ. "ಚಿಕ್ಕವೆಂಕಟಪ್ಪನ ಕಾಗದದಲ್ಲೂ ಒಂಬತ್ತೇ ಇತ್ತು. ಅವನ ಮನೆಯೋರು ಮಾಡಿದ್ದು ಹನ್ನೊಂದಕ್ಕೆ."

"ಕೈಬರಹ ಮುಚ್ಚಿಟ್ಟ. ದಿನದ ಎಣಿಕೆ ಮುಚ್ಚಿಡೋಕೆ ಹೊಳೀಲಿಲ್ಲ" ಎಂದ ಜವರಪ್ಪ. "ಚಿಕ್ಕಂದಿನಿಂದ ಮನೇಲಿ ಕಂಡಿದ್ದನ್ನ ಯಾರೂ ಯೋಚನೆ ಮಾಡಿ ಬರೆಯಲ್ಲ."

ರಾಮಾಂಜಿನಪ್ಪ ತನ್ನ ಅಂಗೈ ನೋಡಿಕೊಳ್ಳುತ್ತ ಕೂತಿದ್ದ. ಜವರಪ್ಪ ಮತ್ತೆ ಸುಮ್ಮನಾಗಿದ್ದಾನೆ ಎಂಬುದು ತಲೆಯೆತ್ತದೆಯೂ ತಿಳಿಯುತ್ತಿತ್ತು. ಆ ಮೌನ ಈಗ ತನ್ನ ಕಡೆ ತಿರುಗಿತ್ತು.

"ನನ್ ಹೆಂಡ್ತಿ ತವರಲ್ಲಿ" ಎಂದ. "ಮಾವ ಹೋದಾಗ ಒಂಬತ್ತಕ್ಕೆ ಮಾಡಿದ್ರು. ನಾನೇ ಕೇಳಿದ್ದೆ, ಯಾಕೆ ಅಂತ. ನಮ್ಮಲ್ಲಿ ಹಾಗೇ ಅಂದಿದ್ದ."

"ಯಾರು?"

"ಆಂಜಿನಪ್ಪ. ಪಾಪಮ್ಮನ ತಮ್ಮ."

ಹೆಸರು ಬಾಯಿಂದ ಹೊರಬಿದ್ದ ಮೇಲೆ ಉಳಿದದ್ದೂ ತಾನೇ ಬಂತು. ಹತ್ತು ವರ್ಷದಿಂದ ಆಂಜಿನಪ್ಪ ಅವನ ಮನೆಯಲ್ಲೇ ಇದ್ದ. ಅಂಚಿನ ನಕ್ಷೆ ಬರೆಯುವವನು ಅವನೇ. ಒಳಮನೆಯ ಮಗ್ಗ ಅವನದೇ. ಮಗಳು ಮುನಿಲಕ್ಷ್ಮಿ ಹುಟ್ಟಿದಾಗಲೇ ಅವಳು ಸೋದರಮಾವನಿಗೆ ಎಂದು ಮಾತಾಗಿತ್ತು. ಮಾತಾಡಿದ್ದ ಹಿರಿಯರು ಒಬ್ಬೊಬ್ಬರಾಗಿ ಹೋದರು. ಹೋದ ವರ್ಷ ಚಿಕ್ಕವೆಂಕಟಪ್ಪ ದೇವನಹಳ್ಳಿಯ ಸಂಬಂಧ ತಂದ. ಹುಡುಗ ಮೇಷ್ಟ್ರು, ಸರ್ಕಾರಿ ಸಂಬಳ. ರಾಮಾಂಜಿನಪ್ಪ ಹಳೆಯ ಮಾತು ಮರೆತವನ ಹಾಗೆ ಒಪ್ಪಿಕೊಂಡುಬಿಟ್ಟಿದ್ದ.

"ಆಂಜಿನಪ್ಪ ಏನಂದ?"

"ಏನೂ ಅನ್ನಲಿಲ್ಲ. ನಿಶ್ಚಿತಾರ್ಥದ ದಿನ ಎಲೆ ಹಾಕಿದ, ನೀರು ಬಡಿಸಿದ. ಅವತ್ತಿಂದ ನನ್ ಹತ್ರ ಒಂದ್ ಮಾತೂ ಆಡಿಲ್ಲ." ತೊದಲಿದ. "ನಾನು ಅದನ್ನ ಒಪ್ಪಿಗೆ ಅನ್ಕೊಂಡೆ."

ಜವರಪ್ಪ ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡ.

"ಅಚ್ಚು ಹಾಕು ಬೈಲಪ್ಪ" ಎಂದ ಜವರಪ್ಪ.

"ಇವರ ಮುಂದೇನಾ?"

"ಬಂದೋನು ಒಂದು ಎಳೆದು ನೋಡ್ತಾನೆ. ರದ್ದಿ ಕಟ್ಟಿಟ್ರೆ ಗೊತ್ತಾಗಿಬಿಡ್ತದೆ. ಎದುರಿನ ಹೋಟ್ಲಲ್ಲಿ ನಾವಿಬ್ರೂ ಕೂತಿರ್ತೀವಿ. ಊರೆಲ್ಲ ಮುಖ ತಿರುಗಿಸಲಿ, ನಾವು ತಿರುಗಿಸೋದು ಬೇಡ."

ಬೈಲಪ್ಪ ಚೌಕಟ್ಟನ್ನು ಎತ್ತಿ ಯಂತ್ರಕ್ಕೆ ಕೂರಿಸಿದ. ಕಾಲಲ್ಲಿ ತುಳಿಯತೊಡಗಿದ. ಯಂತ್ರ ಬಾಯಿ ತೆರೆದು ಮುಚ್ಚಿತು. ಪ್ರತಿಸಲ ತೆರೆದಾಗಲೂ ಒಳಗಿಂದ ಒಂದು ಬಿಳಿ ಕಾರ್ಡು ಬಂತು. ರಾಮಾಂಜಿನಪ್ಪ ನೋಡಬಾರದೆಂದುಕೊಂಡೇ ಎಣಿಸಿದ. ಈಗ ಅಕ್ಷರಗಳು ನೇರವಾಗಿದ್ದವು, ಯಾರು ಬೇಕಾದರೂ ಓದಬಹುದಿತ್ತು. ಇಪ್ಪತ್ತಾದ ಮೇಲೆ ಎಣಿಕೆ ತಪ್ಪಿತು. ತಾನು ಈಗಾಗಲೇ ಸತ್ತಿದ್ದು ಇವರಿಬ್ಬರೂ ಹೇಳಲು ಹಿಂಜರಿಯುತ್ತಿದ್ದಾರೇನೋ ಎಂದು ಒಂದು ಗಳಿಗೆ ಅನ್ನಿಸಿತು.

ನಾಲ್ಕಕ್ಕೆ ಬೈಲಪ್ಪ ಕಟ್ಟನ್ನು ಜಗಲಿಯ ತುದಿಯಲ್ಲಿಟ್ಟು ಬಾಗಿಲು ಮುಂದೆ ಮಾಡಿಕೊಂಡ.

ಎದುರಿನ ಹೋಟೆಲಿನಲ್ಲಿ, ಕಂಬದ ಮರೆಯ ಬೆಂಚಿನಲ್ಲಿ ಇಬ್ಬರೂ ಕೂತರು. ಮುಂದಿಟ್ಟ ಟೀ ತಣ್ಣಗಾಗುತ್ತಿತ್ತು. ಬಾಳೆಹಣ್ಣು ಮಾರುವವಳು ಜಗಲಿಯ ಮೇಲಿನ ಕಟ್ಟು ಕಂಡವಳೇ ಬುಟ್ಟಿ ಎತ್ತಿಕೊಂಡು ನಾಲ್ಕು ಹೆಜ್ಜೆ ಆಚೆ ಹೋಗಿ, ಬೆನ್ನು ತಿರುಗಿಸಿ ಕೂತಳು. ಸೈಕಲ್ಲಿನವನೊಬ್ಬ ಆ ಕಡೆ ನೋಡದೆ ಹಣೆ ಮುಟ್ಟಿಕೊಂಡು ಹೋದ. ಯಾರು ಸತ್ತರೆಂದು ಒಬ್ಬನೂ ಕೇಳಲಿಲ್ಲ.

"ಎಡಗಡೆ ಬೀದಿ ನೀವು ನೋಡಿ. ಬಲಗಡೇದು ನಾನು ನೋಡ್ತೀನಿ" ಎಂದ ಜವರಪ್ಪ. "ಆಂಜಿನಪ್ಪ ಎಷ್ಟುದ್ದ ಇದಾನೆ ನಂಗೆ ಗೊತ್ತು. ತಲೆಗೆ ಟವಲ್ ಸುತ್ಕೊಂಡು ಬಂದ್ರೂ ಹಿಡೀತೀನಿ."

ನಾಲ್ಕೂವರೆಯಾಯಿತು. ಬೆಂಗಳೂರು ಬಸ್ಸು ಧೂಳೆಬ್ಬಿಸಿಕೊಂಡು ಹೋಯಿತು. ಧೂಳು ಇಳಿಯುವ ಹೊತ್ತಿಗೆ ಜಗಲಿಯ ಮುಂದೆ ಒಬ್ಬಳು ಹೆಂಗಸು ನಿಂತಿದ್ದಳು.

ತಲೆಯ ಮೇಲೆ ಸೆರಗು ಕಣ್ಣಿನವರೆಗೆ ಎಳೆದುಕೊಂಡಿದ್ದಳು. ಅತ್ತಿತ್ತ ನೋಡಲಿಲ್ಲ. ಕಟ್ಟಿನಿಂದ ಒಂದು ಕಾರ್ಡು ಎಳೆದಳು, ಓದಿದಳು. ಓದಿ ಮತ್ತೆ ಒಳಗೆ ಸಿಕ್ಕಿಸಿ, ಕಟ್ಟನ್ನು ಸೆರಗಿನಡಿ ಸೊಂಟಕ್ಕೆ ಒತ್ತಿಕೊಂಡು ತಿರುಗಿದಳು. ಎಡಗಾಲನ್ನು ತುಸು ಹೊರಕ್ಕೆ ಹಾಕಿ ನಡೆದಳು.

ಆ ನಡಿಗೆಯನ್ನು ಕಲಿಸಿದವನೇ ರಾಮಾಂಜಿನಪ್ಪ. ಎರಡು ವರ್ಷದ ಕೂಸು ನೂಲಿನ ರಾಟೆಯ ಮೇಲೆ ಬಿದ್ದು ಕಾಲು ಮುರಿದುಕೊಂಡಾಗ, ಪಟ್ಟಿ ಬಿಚ್ಚಿದ ಮೇಲೆ ಅಂಗಳದಲ್ಲಿ ಕೈ ಹಿಡಿದು ನಡೆಸಿದ್ದ.

ಮುನಿಲಕ್ಷ್ಮಿ.

ಜವರಪ್ಪ ಅರ್ಧ ಎದ್ದಿದ್ದ. ರಾಮಾಂಜಿನಪ್ಪನ ಕೈ ಅವನ ತೋಳನ್ನು ಹಿಡಿದು ಕೆಳಗೆಳೆಯಿತು. ಕೈ ಏಕೆ ಹಾಗೆ ಮಾಡಿತೆಂದು ಅವನಿಗೇ ತಿಳಿಯಲಿಲ್ಲ.

"ಬಿಡ್ರಿ. ಹೋಗ್ತಾಳೆ ಅವಳು."

"ಬೇಡ."

"ಯಾರವಳು?"

"ಗೊತ್ತಿಲ್ಲ."

ಹೆಂಗಸು ಮೂಲೆ ತಿರುಗಿ ಮರೆಯಾದಳು. ಜವರಪ್ಪ ನಿಧಾನವಾಗಿ ಕೂತು, ತಣ್ಣಗಾದ ಟೀಯನ್ನು ಒಂದೇ ಗುಟುಕಿಗೆ ಕುಡಿದ.

"ಮೂವತ್ತು ವರ್ಷ ಸಮನ್ಸು ಹಿಡಿದು ಬಾಗಿಲು ಬಾಗಿಲಿಗೂ ನಿಂತೋನು ನಾನು. ಯಜಮಾನ್ರು ಮನೇಲಿಲ್ಲ ಅಂತ ಎಷ್ಟು ಜನ ಹೇಳಿದಾರೋ. ಎಲ್ರೂ ಹೀಗೇನೇ, ನೆಲ ನೋಡ್ಕೊಂಡು." ಲೋಟ ಕೆಳಗಿಟ್ಟ. "ಹೇಳಬೇಕು ಅನ್ನಿಸಿದಾಗ ಹೇಳಿ. ನಡುವೆ ಎರಡೇ ದಿನ ಇರೋದು."

ಮನೆ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಪಾಪಮ್ಮ ಪಕ್ಕದ ಬೀದಿಗೆ ಹೋಗಿದ್ದಳು. ಒಳಮನೆಯಿಂದ ಮಗ್ಗದ ಸದ್ದು ಬರುತ್ತಿತ್ತು. ಲಾಳಿ ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ. ಆಂಜಿನಪ್ಪ ನೇಯುತ್ತಿದ್ದ. ಅವನು ಮಧ್ಯಾಹ್ನದಿಂದ ಎದ್ದೇ ಇಲ್ಲವೆನ್ನುವ ಹಾಗೆ ಆ ಸದ್ದು ಒಂದೇ ಸಮನಾಗಿತ್ತು.

ರಾಮಾಂಜಿನಪ್ಪ ಪಡಸಾಲೆಯ ಚಾಪೆಯ ಮೇಲೆ ಕೂತ. ಮುನಿಲಕ್ಷ್ಮಿ ಕಾಫಿ ತಂದು ಮುಂದಿಟ್ಟಳು.

"ಕುಡಿಯಪ್ಪ, ಆರೋಗ್ತದೆ."

ಹಿತ್ತಾಳೆ ಲೋಟದಿಂದ ಹಬೆ ಏಳುತ್ತಿತ್ತು. ದಿನವೂ ಇದೇ ಲೋಟ, ಇದೇ ಕೈ. ಮುಟ್ಟಲು ಹೋದವನು ಕೈ ಹಿಂದೆ ತೆಗೆದುಕೊಂಡ. ಸ್ವಂತ ಮಗಳ ಕೈಯ ಕಾಫಿಗೆ ಹೆದರುವಂತಾಯಿತಲ್ಲ ಎಂದು ನಾಚಿದ. ನಾಚಿಕೆಯಾದರೂ ಕೈ ಮುಂದೆ ಹೋಗಲಿಲ್ಲ.

"ಸಂಜೆ ಎಲ್ಲೋಗಿದ್ದೆ ಮಗಾ?"

"ಎಲ್ಲೂ ಇಲ್ವಲ್ಲಪ್ಪ. ಇಲ್ಲೇ ಇದ್ದೆ."

"ಪೇಟೆ ಬೀದೀಲಿ ನೋಡ್ದೆ ನಿನ್ನ" ಎಂದ, ಉಸಿರಿನಷ್ಟೇ ದನಿಯಲ್ಲಿ. "ಜಗಲಿ ಹತ್ರ."

ಅವಳು ಅಲ್ಲಾಡಲಿಲ್ಲ. ಮುಖದ ಬಣ್ಣ ಮಾತ್ರ ನಿಧಾನವಾಗಿ ಇಳಿದುಹೋಯಿತು. ಬಾಗಿ ಲೋಟವನ್ನು ಎತ್ತಿಕೊಂಡು, ಅಪ್ಪ ನೋಡುತ್ತಿರುವಂತೆಯೇ ತಾನೊಂದು ಗುಟುಕು ಕುಡಿದು ಅವನ ಕೈಗಿಟ್ಟಳು.

"ನನ್ನ ನಂಬಲ್ಲ ಅಂತ ಗೊತ್ತು" ಎಂದು ಪಿಸುಗುಟ್ಟಿದಳು. "ಅಪ್ಪ, ನಾನು ಹೋಗಿ ತಗೊಂಡು ಬರ್ದೇ ಇದ್ದಿದ್ರೆ, ಸೋಮವಾರದವರೆಗೂ ಕಾಯ್ತಿರಲಿಲ್ಲ ಅವರು. ಅವರು ಒಬ್ರಲ್ಲ..."

ಒಳಮನೆಯ ಮಗ್ಗ ನಿಂತಿತು.

ಲಾಳಿ ನಡುದಾರಿಯಲ್ಲಿ ನಿಂತ ಹಾಗೆ, ಒಂದು ಹೊಡೆತ ಬಾಕಿ ಇರುವಾಗಲೇ ಸದ್ದು ಕಡಿದುಹೋಯಿತು.

ಮುನಿಲಕ್ಷ್ಮಿ ಅಪ್ಪನ ಕಣ್ಣನ್ನೇ ನೋಡುತ್ತ, ಬೀದಿಗೂ ಕೇಳುವಷ್ಟು ಗಟ್ಟಿಯಾಗಿ, ನಗುತ್ತಿರುವವಳ ದನಿಯಲ್ಲಿ ಕೇಳಿದಳು. "ಸಕ್ಕರೆ ಸಾಲದಾಪ್ಪ? ಇನ್ನೊಂದ್ ಚೂರು ತರ್ಲಾ?"

"ತಾ" ಎಂದ ರಾಮಾಂಜಿನಪ್ಪ, ಅವಳಷ್ಟೇ ಗಟ್ಟಿಯಾಗಿ.

ಒಳಗೆ ಮಗ್ಗದ ಹಲಗೆಯಿಂದ ಯಾರೋ ಎದ್ದರು.